ಎಂಟನೆಯ ಮಣಿ

ಕಳೆದ ತಿಂಗಳು ದೋಹಾದ ಮಾಂಸದಂಗಡಿಯೊಂದರಲ್ಲಿ ಆಡಿನ ಬೆನ್ನಿನ ಭಾಗ ಕೊಳ್ಳಲು ನಿಂತಿದ್ದೆ. ಕಡಿಯುವವರು ಮಲಪ್ಪುರಂ ಕಡೆಯವರು. ಮರದ ದಿಮ್ಮಿಯ ಮೇಲೆ ಬೆನ್ನನ್ನು ಮಗುಚಿ ಹಾಕಿ ಕತ್ತಿಯ ತುದಿಯಿಂದ ತಡವುತ್ತಾ ಹೋದರು. ಒಂದು ಕಡೆ ತುದಿ ತುಸು ಒಳಗಿಳಿಯಿತು. ಅಲ್ಲೇ ಒತ್ತಿದರು. ಪೆಟ್ಟು ಹಾಕದೆಯೇ ಬೆನ್ನು ಎರಡು ಭಾಗವಾಯಿತು. ಹಸಿ ಎಲುಬಿನ, ತಣ್ಣಗಾದ ಕೊಬ್ಬಿನ ವಾಸನೆ ಬಂತು. ಪಕ್ಕೆಲುಬು ಮುಗಿದಲ್ಲಿಂದ ಆ ಕಡಿತದವರೆಗೆ ನಾನು ನನಗೇ ತಿಳಿಯದಂತೆ ಎಣಿಸಿದ್ದೆ. ಆರು.

"ಎಷ್ಟು ಪೀಸ್ ಮಾಡಲಿ ಚೇಚಿ?" ಎಂದು ಅವರು ಕೇಳುತ್ತಿದ್ದದ್ದು ಎರಡನೆಯ ಸಲಕ್ಕೆ ಕೇಳಿಸಿತು.

ಈ ಎಣಿಸುವ ಅಭ್ಯಾಸ ಹತ್ತಿದ್ದು ದೋಹಾದ ಉತ್ತರಕ್ಕಿರುವ ಅಲ್ ಖೋರ್‌ನ ಒಂದು ಬೇಸಿಗೆಯಲ್ಲಿ.

ಆಗ ನಾವು ಅಲ್ಲಿ ಕಂಪನಿ ಮನೆಯಲ್ಲಿದ್ದೆವು. ನನ್ನ ಗಂಡ ಲಾರೆನ್ಸ್‌ಗೆ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕಾಗದಪತ್ರ ವಿಭಾಗದ ಕೆಲಸ. ಬೆಳಿಗ್ಗೆ ಐದೂವರೆಗೆ ಬಸ್ಸು ಬಂದು ಅವನನ್ನು ಕರೆದುಕೊಂಡು ಹೋದರೆ ಸಂಜೆ ತಂದು ಬಿಡುತ್ತಿತ್ತು. ನಾನು ಊರಿನಲ್ಲಿ ಪಶುವೈದ್ಯಕೀಯ ಓದಿ ಉಡುಪಿ ಹತ್ತಿರ ಮೂರು ವರ್ಷ ದನಕರುಗಳ ಕೆಲಸ ಮಾಡಿದವಳು. ಇಲ್ಲಿ ವೈದ್ಯೆ ಎಂದು ಹೇಳಿಕೊಳ್ಳಬೇಕಾದರೆ ಬೇರೆ ನೋಂದಣಿ ಬೇಕಿತ್ತು; ಅದಕ್ಕೆ ಹಿರಿಯ ವೈದ್ಯರೊಬ್ಬರ ಶಿಫಾರಸು ಪತ್ರ ಬೇಕಿತ್ತು. ಪೆಟ್ರೋಲ್ ಪಂಪಿನ ಹಿಂದಿದ್ದ ಒಂದು ಸಣ್ಣ ಪ್ರಾಣಿ ಕ್ಲಿನಿಕ್ಕಿಗೆ ಸಹಾಯಕಿಯಾಗಿ ಸೇರಿಕೊಂಡೆ. ಎಕ್ಸ್‌ರೇ ತೆಗೆಯುವುದು, ರಕ್ತ ತೆಗೆಯುವುದು, ಅರಿವಳಿಕೆ ಕೊಡುವುದು, ವರದಿ ಬರೆಯುವುದು ನನ್ನ ಪಾಲು. ಸಹಿ ಹಾಕುತ್ತಿದ್ದವರು ಡಾ. ಉಸ್ಮಾನ್.

ಉಸ್ಮಾನ್ ಸುಡಾನಿನವರು. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಮಾತು ಕಡಿಮೆ. ಇಪ್ಪತ್ತು ವರ್ಷ ಒಂಟೆಗಳ ಜೊತೆ ಕಳೆದು ಕೊನೆಗೆ ಪರ್ಷಿಯನ್ ಬೆಕ್ಕುಗಳ ಹೊಟ್ಟೆನೋವಿಗೆ ಮದ್ದು ಕೊಡುವಲ್ಲಿಗೆ ಬಂದು ನಿಂತಿದ್ದರು. ಆ ಬಗ್ಗೆ ಅವರಿಗೆ ದೂರೇನೂ ಇದ್ದಂತಿರಲಿಲ್ಲ. ನನ್ನ ಪತ್ರವನ್ನು ಆ ವರ್ಷದ ಕೊನೆಗೆ ಬರೆದು ಕೊಡುವುದಾಗಿ ಹೇಳಿದ್ದರು.

ಜೂನ್ ಮೊದಲ ವಾರದಲ್ಲಿ ಬಸವರಾಜ ಬಂದ. ಖಾಕಿ ಪ್ಯಾಂಟು, ಸೆಕ್ಯುರಿಟಿ ಕಂಪನಿಯ ಟೀ ಶರ್ಟು, ಕೈಯಲ್ಲಿ ಬೆಲ್ಟು. ಬೆಲ್ಟಿನ ತುದಿಯಲ್ಲಿ ಏಳು ವರ್ಷದ ಜರ್ಮನ್ ಶೆಫರ್ಡ್ ಹೆಣ್ಣುನಾಯಿ, ಕೀರಾ. ಗ್ಯಾಸ್ ಪ್ಲಾಂಟುಗಳ ಗೇಟಿನಲ್ಲಿ ಒಳಗೆ ಹೋಗುವ ವಾಹನಗಳ ಸುತ್ತ ಮೂಸುವುದು ಅವಳ ಕೆಲಸ. ಇಪ್ಪತ್ತು ನಿಮಿಷ ಕೆಲಸ, ಆಮೇಲೆ ಎ.ಸಿ. ವ್ಯಾನಿನಲ್ಲಿ ವಿಶ್ರಾಂತಿ, ಮತ್ತೆ ಇಪ್ಪತ್ತು ನಿಮಿಷ. ಐದು ವರ್ಷದಿಂದ ಅವಳನ್ನು ನಡೆಸುತ್ತಿದ್ದವನು ಬಸವರಾಜನೇ. ಅರ್ಜಿಯಲ್ಲಿ ಅವನ ಹೆಸರು ನೋಡಿ ಕನ್ನಡದಲ್ಲಿ ಮಾತಾಡಿಸಿದೆ. ಅವನ ಭುಜ ಸಡಿಲವಾಯಿತು.

"ಜಮಖಂಡಿ ಕಡೆಯವ್ರಿ ನಾನು. ಮೇಡಂ, ಇಕಿ ಮೊದಲ ವ್ಯಾನ್ ಹತ್ತಾಕ ಒಂದ ಜಿಗಿತ ಸಾಕಿತ್ರಿ. ಈಗ ಮುಂದಿನ ಕಾಲ ಇಡ್ತಾಳ, ಆಮ್ಯಾಲ ನನ್ನ ಮಾರಿ ನೋಡ್ತಾಳ."

"ಎಷ್ಟು ದಿವಸ ಆಯ್ತು ಹೀಗೆ?"

"ರಮ್ಜಾನ್ ಮುಗದ ಮ್ಯಾಲಿಂದ ರೀ. ಬಾಲಾನೂ ಎತ್ತಂಗಿಲ್ಲ."

ಉಸ್ಮಾನ್ ಅವಳ ಬೆನ್ನಿನ ಮೇಲೆ ಹೆಬ್ಬೆರಳು ಒತ್ತುತ್ತಾ ಹಿಂದಕ್ಕೆ ಹೋದರು. ಸೊಂಟದ ಕೊನೆಗೆ ಬಂದಾಗ ಅವಳು ಕತ್ತು ತಿರುಗಿಸಿ ಅವರ ಕೈಯನ್ನು ನೋಡಿದಳು. ಬಾಲವನ್ನು ಮೇಲಕ್ಕೆತ್ತಿದಾಗ ಹಿಂಗಾಲು ಕುಸಿದವು. ಕಚ್ಚಲಿಲ್ಲ, ಕಚ್ಚದಂತೆ ಕಲಿಸಿದ್ದರು.

ನಾಯಿಯ ಬೆನ್ನೆಲುಬನ್ನು ಕಾಲೇಜಿನಲ್ಲಿ ನಮಗೆ ಪೆಟ್ಟಿಗೆಯಲ್ಲಿಟ್ಟ ಎಲುಬುಗಳಿಂದ ಕಲಿಸಿದ್ದರು. ಕುತ್ತಿಗೆಗೆ ಏಳು ಮಣಿ, ಪಕ್ಕೆಲುಬು ಹೊತ್ತವು ಹದಿಮೂರು, ಸೊಂಟಕ್ಕೆ ಏಳು, ಅದರ ಹಿಂದೆ ಮೂರು ಮಣಿ ಬೆಸೆದುಕೊಂಡು ಒಂದೇ ಆದ ಸೇಕ್ರಮ್, ಆಮೇಲೆ ಬಾಲ. ಸೇಕ್ರಮ್ ಎರಡು ಬದಿಯ ಶ್ರೋಣಿ ಎಲುಬುಗಳ ನಡುವೆ ಬೆಣೆಯಂತೆ ಕೂತು ಹಿಂಗಾಲುಗಳ ಬಲವನ್ನೆಲ್ಲ ಬೆನ್ನಿಗೆ ದಾಟಿಸುತ್ತದೆ. ಬೆಕ್ಕಿಗೂ ಸೊಂಟಕ್ಕೆ ಏಳು, ಹಸುವಿಗೆ, ಕುದುರೆಗೆ ಸಾಮಾನ್ಯವಾಗಿ ಆರು, ಮನುಷ್ಯನಿಗೆ ಐದು. ಕುತ್ತಿಗೆಯಲ್ಲಾದರೆ ಇಲಿಗೂ ಜಿರಾಫೆಗೂ ಏಳೇ. ಕೆಳಗಿಳಿದಂತೆ ಈ ಲೆಕ್ಕ ಸಡಿಲವಾಗುತ್ತದೆ. ಇನ್ನೊಂದು ಸಂಗತಿ, ಒಳಗಿನ ನರಹುರಿ ಎಲುಬಿನಷ್ಟು ಉದ್ದ ಬೆಳೆಯುವುದಿಲ್ಲ. ನಾಯಿಯಲ್ಲಿ ಅದು ಸೊಂಟದ ಆರನೆಯ ಮಣಿಯ ಸುಮಾರಿಗೆ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ನರಗಳು ಬಿಡಿಬಿಡಿಯಾಗಿ, ಒಂದು ಕಟ್ಟಿನಂತೆ ಇಳಿಯುತ್ತವೆ. ಹಳಬರು ಅದಕ್ಕೆ ಕುದುರೆಬಾಲ ಎಂದು ಹೆಸರಿಟ್ಟಿದ್ದಾರೆ. ಹಿಂಗಾಲು, ಮೂತ್ರಕೋಶ, ಬಾಲ, ಎಲ್ಲಕ್ಕೂ ಅಪ್ಪಣೆ ಹೋಗುವುದು ಆ ಕಟ್ಟಿನಿಂದ. ಕೊನೆಯ ಸೊಂಟದ ಮಣಿಗೂ ಸೇಕ್ರಮ್‌ಗೂ ನಡುವಿನ ಮೆತ್ತೆ ಸವೆದು ಉಬ್ಬಿದರೆ ಆ ನರಗಳು ಒತ್ತಿಹೋಗುತ್ತವೆ. ದೊಡ್ಡ ಜಾತಿಯ ನಾಯಿಗಳಲ್ಲಿ, ಅದರಲ್ಲೂ ಶೆಫರ್ಡ್‌ಗಳಲ್ಲಿ, ಇದು ಅಪರೂಪವಲ್ಲ.

ಎಕ್ಸ್‌ರೇ ತೆಗೆದೆ. ಪಕ್ಕಕ್ಕೆ ಮಲಗಿಸಿ, ಸೊಂಟದಿಂದ ಬಾಲದ ಬುಡದವರೆಗೆ. ಸೇಕ್ರಮ್‌ನ ಮುಂದಿನ ಬಿಡಿ ಮಣಿಗೆ ಏಳು ಎಂದು ಗುರುತು ಹಾಕಿ ಅಲ್ಲಿಂದ ಮುಂದಕ್ಕೆ ಆರು, ಐದು, ನಾಲ್ಕು ಎಂದು ಬರೆದೆ. ಏಳಕ್ಕೂ ಸೇಕ್ರಮ್‌ಗೂ ನಡುವಿನ ಸಂದು ಕೂದಲೆಳೆಯಷ್ಟಿತ್ತು. ವರದಿಯಲ್ಲಿ ಹಾಗೆಯೇ ಬರೆದೆ. ಉಸ್ಮಾನ್ ಸಹಿ ಹಾಕಿದರು.

ಕಂಪನಿಯಿಂದ ಬಂದಿದ್ದ ಫಾರ್ಮಿನಲ್ಲಿ ಮೂರು ಚೌಕಗಳಿದ್ದವು. ಕೆಲಸಕ್ಕೆ ಯೋಗ್ಯ, ವಿಶ್ರಾಂತಿ, ಡಿಸ್ಪೋಸಲ್. ಉಸ್ಮಾನ್ ಎರಡನೆಯದಕ್ಕೆ ಗುರುತು ಹಾಕಿ ಆರು ವಾರ ಎಂದು ಬರೆದರು.

ಬಸವರಾಜ ಆ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ನಿಂತ. "ಮೇಡಂ, ಈ ಮೂರನೇದು, ಡಿಸ್ಪೋಸಲ್ ಅಂದ್ರ ಏನ್ರಿ?"

ಸೂಜಿ ಹಾಕಿ ಸಾಯಿಸುವುದು ಎಂದು ನನಗೆ ಗೊತ್ತಿತ್ತು. "ಅದಕ್ಕೆ ಗುರುತು ಹಾಕಲಿಲ್ಲವಲ್ಲ" ಎಂದೆ.

ಅವನು ತಲೆಯಾಡಿಸಿದ. ಅವನಿಗೂ ಗೊತ್ತಿತ್ತು ಎಂದು ಆಗ ಅನಿಸಿತು.

ಜೂನ್, ಜುಲೈ ಹಾಗೆ ಹೋಯಿತು. ಬೆಳಿಗ್ಗೆ ಎಂಟಕ್ಕೇ ಕ್ಲಿನಿಕ್ಕಿನ ಬಾಗಿಲ ಹಿಡಿಕೆ ಮುಟ್ಟಲಾಗುತ್ತಿರಲಿಲ್ಲ. ಜುಲೈ ಕೊನೆಗೆ ಗಾಳಿ ಸಮುದ್ರದ ಕಡೆಯಿಂದ ತಿರುಗಿತು. ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗಿ ಒಂದು ನಿಮಿಷ ಕುರುಡರಂತೆ ನಿಲ್ಲಬೇಕಾಗುತ್ತಿತ್ತು. ಬಸವರಾಜ ವಾರಕ್ಕೆರಡು ಸಲ ಕೀರಾಳನ್ನು ತರುತ್ತಿದ್ದ. ಅವಳ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗವನ್ನು ಎತ್ತಿ ಹಿಡಿದು ವ್ಯಾನಿನಿಂದ ಬಾಗಿಲಿನವರೆಗೆ ನಡೆಸುತ್ತಿದ್ದ. ಪಾರ್ಕಿಂಗಿನ ಡಾಂಬರು ಅವಳ ಪಾದ ಸುಡದಂತೆ ರಟ್ಟಿನ ಹಾಳೆಗಳನ್ನು ಒಂದರ ಮುಂದೊಂದು ಹಾಸಿಕೊಂಡು ಬರುತ್ತಿದ್ದ. ಅವನ ಅಪ್ಪ ಊರಿನಲ್ಲಿ ಬೇಟೆನಾಯಿ ಸಾಕಿದವರಂತೆ. ನಾಯಿ ಕೊಳ್ಳುವ ಮೊದಲು ಕಣ್ಣು ಮುಚ್ಚಿ ಬೆನ್ನು ತಡವಿ ನೋಡುತ್ತಿದ್ದರಂತೆ. "ಕಣ್ಣಿಗಿ ಕೂದಲಾ ಕಾಣ್ತಾವ, ಕೈಗಿ ಎಲುಬ ಕಾಣ್ತಾವ ಅಂತಿದ್ರಿ ನಮ್ಮಪ್ಪ" ಎಂದ ಒಮ್ಮೆ.

ಆರು ವಾರ ಕಳೆದರೂ ಗುಣ ಕಾಣಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಮಲಗಿದಲ್ಲೇ ಮೂತ್ರ ಜಿನುಗತೊಡಗಿತು. ಉಸ್ಮಾನ್ ಕಂಪನಿಗೆ ಒಂದು ಕಾಗದ ಬರೆದರು. ಹೊಸ ನಾಯಿ ತರಿಸಿ ತಯಾರು ಮಾಡುವುದಕ್ಕಿಂತ ಇದಕ್ಕೆ ಶಸ್ತ್ರಚಿಕಿತ್ಸೆ ಮಾಡಿ ನೋಡುವುದು ಮೇಲು ಎಂದು. ಕಂಪನಿ ಒಪ್ಪಿತು, ಆದರೆ ದೋಹಾಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಲು ಒಪ್ಪಲಿಲ್ಲ. ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ ಶಸ್ತ್ರವೈದ್ಯೆ ಡಾ. ನಾದಿಯಾ ನಮ್ಮ ಎಕ್ಸ್‌ರೇ ನೋಡಿ, ಏಳನೆಯ ಮಣಿಗೂ ಸೇಕ್ರಮ್‌ಗೂ ನಡುವೆ ತೆರೆಯುತ್ತೇನೆ ಎಂದರು. ಆ ತಿಂಗಳ ಕೊನೆಯ ಭಾನುವಾರ ಗೊತ್ತಾಯಿತು.

ಅದರ ಹಿಂದಿನ ಗುರುವಾರ ರಕ್ತಪರೀಕ್ಷೆಗೆ ಬಸವರಾಜ ಕೀರಾಳನ್ನು ತಂದಿದ್ದ. ನಾನು ಸೂಜಿ ತಯಾರು ಮಾಡುತ್ತಿರುವಾಗ ಅವನು ಅವಳ ಬೆನ್ನು ನೀವುತ್ತಾ ನಿಂತಿದ್ದ.

"ಮೇಡಂ, ಒಂದ ಕೇಳ್ಲೇನ್ರಿ? ಸೊಂಟದಾಗ ನಾಯಿಗಿ ಎಷ್ಟ ಎಲುಬ ಇರ್ತಾವ್ರಿ?"

"ಏಳು."

"ಇಕಿಗಿ ಎಂಟ ಸಿಗ್ತಾವ್ರಿ ನನ್ನ ಬೆರಳಿಗಿ."

"ಸಿಗಲಿಕ್ಕಿಲ್ಲ ಬಸವರಾಜ್. ನೀವು ಪಕ್ಕೆಲುಬಿನದ್ದನ್ನೂ ಸೇರಿಸಿ ಎಣಿಸಿರಬೇಕು."

"ಇಲ್ರಿ, ಕಡೇ ಪಕ್ಕೆಲುಬ ಬಿಟ್ಟ ಎಣಿಸೀನ್ರಿ. ದಿನಾ ಎಣ್ಣಿ ಹಚ್ಚತೀನಲ್ರಿ."

"ನಾಯಿಗೆ ಏಳೇ ಇರುವುದು" ಎಂದೆ. ದನಿ ಸ್ವಲ್ಪ ಗಟ್ಟಿಯಾಯಿತು. ಅವನು "ಹೌದೇನ್ರಿ" ಎಂದ. ಬೆರಳನ್ನು ಮಾತ್ರ ಅವಳ ಬೆನ್ನಿನಿಂದ ತೆಗೆಯಲಿಲ್ಲ.

ಅವರು ಹೋದ ಮೇಲೆ ಒಂದು ಬೆಕ್ಕಿಗೆ ಲಸಿಕೆ ಹಾಕಿದೆ. ಫೋನಿನಲ್ಲಿ ಯಾರಿಗೋ ಕ್ಲಿನಿಕ್ಕಿನ ಸಮಯ ಹೇಳಿದೆ. ಆಮೇಲೆ ಕಂಪ್ಯೂಟರಿನಲ್ಲಿ ಕೀರಾಳ ಎಕ್ಸ್‌ರೇ ತೆರೆದೆ. ಜೂನ್‌ನಿಂದ ಆ ಚಿತ್ರವನ್ನು ಹತ್ತು ಸಲವಾದರೂ ನೋಡಿದ್ದೆ. ಆ ದಿನ ಕಂಡದ್ದು ಚಿತ್ರದಲ್ಲಿ ಇಲ್ಲದ್ದು. ಪಕ್ಕೆಲುಬು ಇರಲಿಲ್ಲ. ಹಿಂಭಾಗವನ್ನಷ್ಟೇ ತೆಗೆದು, ಹಿಂದಿನಿಂದ ಎಣಿಸಿಕೊಂಡು ಬಂದಿದ್ದೆ. ಕೊನೆಯ ಬಿಡಿ ಮಣಿ ಏಳನೆಯದೇ ಎಂದು ಮೊದಲೇ ಒಪ್ಪಿಕೊಂಡು ಅಲ್ಲಿಂದ ಶುರು ಮಾಡಿದ್ದೆ. ಅಂದರೆ ನಾನು ಎಣಿಸಿಯೇ ಇರಲಿಲ್ಲ.

ಶುಕ್ರವಾರ ದೋಹಾದ ಚರ್ಚಿಗೆ ಪೂಜೆಗೆ ಹೋಗಿ ಹಿಂದೆ ಬರುವಾಗ ಕಾರಿನಲ್ಲಿ ಲಾರೆನ್ಸ್‌ಗೆ ಹೇಳಿದೆ. ಅವನು ಕೊಂಕಣಿಯಲ್ಲಿ ಹೇಳಿದ್ದಿಷ್ಟು: ನಾಳೆ ಹೊಸದಾಗಿ ಒಂದು ಎಕ್ಸ್‌ರೇ ತೆಗೆ. ತಪ್ಪಿದ್ದರೆ ಹೊಸ ವರದಿ ಬರೆದು ಹಳೆಯದರ ಜಾಗದಲ್ಲಿ ಇಡು. ನಾಯಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ, ನಿನ್ನ ಪತ್ರವೂ ಸಿಗುತ್ತದೆ. ಯಾರಿಗೆ ನಷ್ಟ?

ಅವನ ಕೆಲಸವೇ ಕಾಗದದ ಹಳೆಯ ಪ್ರತಿ ತೆಗೆದು ಹೊಸ ಪ್ರತಿ ಇಡುವುದು. ಅವನು ಕೆಟ್ಟದ್ದೇನನ್ನೂ ಹೇಳಲಿಲ್ಲ. ನಾನೂ ಸರಿ ಎಂದೆ. ಅಲ್ ಖೋರ್ ತಲುಪುವವರೆಗೆ ಬೇರೆ ಮಾತಾಡಿದೆವು.

ಶನಿವಾರ ಬೆಳಿಗ್ಗೆ ಫೋನ್ ಮಾಡಿ ಬಸವರಾಜನನ್ನು ಕರೆಸಿದೆ. ಕೀರಾಳಿಗೆ ಸ್ವಲ್ಪ ಮಂಪರು ಬರಿಸಿ ಎರಡು ಚಿತ್ರ ತೆಗೆದೆ. ಪಕ್ಕಕ್ಕೆ ಮಲಗಿಸಿ ಪಕ್ಕೆಲುಬಿನಿಂದ ಬಾಲದವರೆಗೆ ಒಂದು, ಅಂಗಾತ ಮಲಗಿಸಿ ಇನ್ನೊಂದು. ಮೊದಲನೆಯದರಲ್ಲಿ ಹದಿಮೂರನೆಯ ಪಕ್ಕೆಲುಬಿನಿಂದ ಹಿಂದಕ್ಕೆ ಬೆರಳಿಟ್ಟು ಎಣಿಸಿದೆ. ಎಂಟು. ಎರಡನೆಯದರಲ್ಲಿ ಕಾರಣವೂ ಕಂಡಿತು. ಕೊನೆಯ ಮಣಿಗೆ ಎಡಬದಿಯಲ್ಲಿ ಸೊಂಟದ ಮಣಿಗಿರುವಂತೆ ತೆಳ್ಳನೆಯ ಬಿಡಿ ಚಾಚು. ಬಲಬದಿಯಲ್ಲಿ ಸೇಕ್ರಮ್‌ಗಿರುವಂತೆ ಅಗಲವಾದ ರೆಕ್ಕೆ, ಶ್ರೋಣಿಯ ಎಲುಬಿಗೆ ಅಂಟಿಕೊಂಡದ್ದು. ಹುಟ್ಟುವಾಗಲೇ ಸೇಕ್ರಮ್‌ನ ಮೊದಲ ಮಣಿ ಉಳಿದ ಎರಡರ ಜೊತೆ ಪೂರ್ತಿ ಬೆಸೆಯದೆ ಉಳಿದಿತ್ತು. ಅತ್ತ ಸೇಕ್ರಮ್ ಅಲ್ಲ, ಇತ್ತ ಸೊಂಟವೂ ಅಲ್ಲ.

ನಾನು ಕಾಯಿಲೆ ಎಂದು ಬರೆದ ಆ ಕೂದಲೆಳೆ ಸಂದು ಕಾಯಿಲೆಯದ್ದಲ್ಲ. ಬೆಸೆಯಬೇಕಾಗಿದ್ದ ಎರಡು ಎಲುಬುಗಳ ನಡುವೆ ಉಳಿದುಹೋದ ಹುಟ್ಟುಸಂದು. ಕಾಯಿಲೆ ಅದಕ್ಕಿಂತ ಒಂದು ಮಣಿ ಮುಂದಿತ್ತು. ಅಲ್ಲಿ ಮೆತ್ತೆ ಸವೆದು ಎಲುಬಿನ ಅಂಚುಗಳು ಮುಳ್ಳಿನಂತೆ ಬೆಳೆದದ್ದು ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಮರುದಿನ ನನ್ನ ವರದಿಯನ್ನು ನಂಬಿ ತೆರೆದಿದ್ದರೆ ಗಟ್ಟಿಯಾಗಿದ್ದ ಜಾಗವನ್ನು ಕೊರೆದು, ನರ ಒತ್ತಿದ್ದ ಜಾಗವನ್ನು ಹಾಗೆಯೇ ಬಿಟ್ಟು ಹೊಲಿಯುತ್ತಿದ್ದರು.

ಬಸವರಾಜ ಮಂಪರಿನ ನಾಯಿಯ ತಲೆ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ.

"ಎಂಟು ಉಂಟು" ಎಂದೆ. "ನೀವು ಹೇಳಿದ್ದು ಸರಿ. ನಾನು ತಪ್ಪು."

ಅವನು ಗೆದ್ದವನಂತೆ ಕಾಣಲಿಲ್ಲ. "ಎಂಟ ಇದ್ರ ಉಳೀತಾಳಿಲ್ರಿ?" ಎಂದು ಮಾತ್ರ ಕೇಳಿದ.

ಹೊಸ ವರದಿ ಬರೆಯಲು ಅರ್ಧ ಗಂಟೆ ಹಿಡಿಯಿತು. ಹಳೆಯದರ ಜಾಗದಲ್ಲಿ ಇಡಲು ಇನ್ನರ್ಧ ನಿಮಿಷ ಸಾಕಾಗುತ್ತಿತ್ತು. ಉಸ್ಮಾನ್ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಎರಡೂ ವರದಿಗಳನ್ನು ಚಿತ್ರಗಳ ಜೊತೆ ಹಿಡಿದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಧೈರ್ಯದಿಂದ ಹೋದೆ ಎಂದು ಹೇಳಲಾರೆ. ಆ ನಾಯಿಯ ತಲೆ ಹಿಡಿದು ನಿಂತವನಿಗೆ ಆಗಲೇ ಹೇಳಿಯಾಗಿತ್ತು. ಅವನಿಗೊಂದು, ಇವರಿಗೊಂದು ಹೇಳುವುದು ಆಗಲಿಲ್ಲ.

ಅವರು ಚಿತ್ರಗಳನ್ನು ಬಹಳ ಹೊತ್ತು ನೋಡಿದರು. "ಯಾರು ಎಣಿಸಿದ್ದು?"

"ಮೊದಲನೆಯದು ನಾನು. ಎಂಟು ಎಂದು ಹೇಳಿದ್ದು ಅವನು, ಬೆರಳಿನಿಂದ. ನಾನು ನಂಬಲಿಲ್ಲ."

"ಸಹಿ ನನ್ನದು" ಎಂದರು. ಲೋಟ ಕೆಳಗಿಟ್ಟರು. "ನಮ್ಮ ಕಡೆ ಕುರಿಗಳಲ್ಲಿ ಆರೂ ನೋಡಿದ್ದೇನೆ, ಏಳೂ ನೋಡಿದ್ದೇನೆ. ಕಡಿಯುವವರಿಗೆ ಇದು ಗೊತ್ತಿರುತ್ತದೆ. ನಾವು ಮರೆಯುತ್ತೇವೆ." ಆಮೇಲೆ ಹಳೆಯ ವರದಿಯನ್ನು ನನ್ನ ಕಡೆ ತಳ್ಳಿದರು. "ಇದನ್ನು ಫೈಲಿನಿಂದ ತೆಗೆಯಬೇಡ. ಇದರ ಕೆಳಗೆ ತಪ್ಪು ಎಂದು ಬರೆ. ತಪ್ಪನ್ನು ಕಂಡವರು ಯಾರು ಎಂದೂ ಬರೆ."

ಬರೆದೆ. ನಾಯಿಯನ್ನು ನಡೆಸುವ ಬಸವರಾಜ ಕೈಯಿಂದ ತಡವಿ ಎಂಟು ಮಣಿ ಗುರುತಿಸಿದರು, ನಂತರ ಎಕ್ಸ್‌ರೇಯಿಂದ ಖಚಿತವಾಯಿತು ಎಂದು. ಉಸ್ಮಾನ್ ಎರಡಕ್ಕೂ ಸಹಿ ಹಾಕಿದರು.

ನಾನು ಬಾಗಿಲ ಹತ್ತಿರ ಹೋದಾಗ ಅವರು ಹೇಳಿದರು, "ಸೆಲಿನ್, ಆ ಪತ್ರ ಈ ವರ್ಷ ಬೇಡ. ಮುಂದಿನ ವರ್ಷ ಬರೆಯುತ್ತೇನೆ."

"ಸರಿ" ಎಂದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತೋ ಏನೋ.

ಭಾನುವಾರ ನಾದಿಯಾ ಬಂದು ಎರಡು ವರದಿ ಓದಿ, ತಾವೇ ಒಮ್ಮೆ ಕೀರಾಳ ಬೆನ್ನು ತಡವಿ ಎಣಿಸಿದರು. ನಾನು ಅರಿವಳಿಕೆ ಕೊಟ್ಟೆ. ಏಳನೆಯ ಮಣಿಯ ಮತ್ತು ಆ ಎಂಟನೆಯದರ ಚಾವಣಿಯನ್ನು ಅವರು ಚೂರುಚೂರಾಗಿ ತೆಗೆದರು. ಒಳಗೆ ನರಗಳು ಬೇಯಿಸಿದ ಶ್ಯಾವಿಗೆಯಂತೆ ಬಿಳಿಯಾಗಿ, ಒಂದರ ಪಕ್ಕ ಒಂದು ಮಲಗಿದ್ದವು. ಕೆಳಗಿನಿಂದ ಉಬ್ಬಿದ ಮೆತ್ತೆ ಅವನ್ನು ಮೇಲಕ್ಕೆ ಒತ್ತಿಹಿಡಿದಿತ್ತು. ನರಗಳನ್ನು ಬದಿಗೆ ಸರಿಸಿ ಉಬ್ಬನ್ನು ಕತ್ತರಿಸಿ ತೆಗೆದ ಕೂಡಲೇ ಅವು ತಮ್ಮ ಜಾಗಕ್ಕೆ ಇಳಿದವು. ನಾದಿಯಾ "ಖಲಾಸ್" ಎಂದು ಹೊಲಿಯಲು ಶುರು ಮಾಡಿದರು. ನನ್ನ ಕಣ್ಣು ಮಾನಿಟರಿನ ಮೇಲಿತ್ತು. ಒಂದೂಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು.

ಆಮೇಲೆ ಕಾಯುವ ಕೆಲಸ. ನರ ಬಿಡಿಸಿದ ಮಾತ್ರಕ್ಕೆ ಅದು ಬದುಕಿಕೊಳ್ಳುತ್ತದೆ ಎಂದೇನಿಲ್ಲ. ಕೀರಾ ಕ್ಲಿನಿಕ್ಕಿನಲ್ಲೇ ಇದ್ದಳು. ದಿನಕ್ಕೆ ಮೂರು ಸಲ ನಳಿಕೆ ಹಾಕಿ ಮೂತ್ರ ತೆಗೆಯುತ್ತಿದ್ದೆ. ಗೇಟಿನ ಕೆಲಸಕ್ಕೆ ಬಸವರಾಜನಿಗೆ ಬೇರೆ ನಾಯಿ ಇರಲಿಲ್ಲ, ಅವನನ್ನು ವ್ಯಾನು ತೊಳೆಯುವ ಕೆಲಸಕ್ಕೆ ಹಾಕಿದ್ದರು. ಪಾಳಿ ಮುಗಿಸಿ ಬಂದು ಅವಳ ಪಕ್ಕ ನೆಲದ ಮೇಲೆ ಕೂರುತ್ತಿದ್ದ. ಹಿಂಗಾಲಿನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದ. ಮೂರನೆಯ ದಿನ ಒಂದು ಬೆರಳು ಚಿವುಟಿದರೆ ಕಾಲು ಎಳೆದುಕೊಂಡಳು. ನಾಲ್ಕನೆಯ ದಿನ ಏನೂ ಬದಲಾಗಲಿಲ್ಲ.

ಆರನೆಯ ದಿನ ಸಂಜೆ ಅವನು ಟವೆಲ್ ಹಾಕಿ ಅವಳನ್ನು ಹಿಂದಿನ ಮರಳಿನ ಜಾಗಕ್ಕೆ ಕರೆದುಕೊಂಡು ಹೋಗಿದ್ದ. ನಾನು ಒಳಗೆ ಸಿರಿಂಜುಗಳನ್ನು ಜೋಡಿಸುತ್ತಿದ್ದೆ. ಅವನು ಬಾಗಿಲಲ್ಲಿ ಬಂದು ನಿಂತ.

"ಮೇಡಂ, ಬರ್ರಿ ಇಲ್ಲಿ."

ಹೋಗಿ ನೋಡಿದೆ. ಮರಳಿನ ಮೇಲೆ ಅಂಗೈಯಗಲದ ಒದ್ದೆ ಗುರುತು ಇತ್ತು. ಬಿಸಿಗೆ ಆಗಲೇ ಅಂಚಿನಿಂದ ಒಣಗುತ್ತಿತ್ತು.

"ತಾನ ಕುಂತು ಮಾಡಿದಳ್ರಿ. ನಾ ಟವೆಲ್ ಬಿಟ್ಟಿದ್ದೆ" ಎಂದ. ನಾನು ಒಳಗೆ ಹೋಗಿ ಫೈಲಿನಲ್ಲಿ ಸಮಯ ಬರೆದೆ.

ಅಕ್ಟೋಬರಿನ ಹೊತ್ತಿಗೆ ಕೀರಾ ನಡೆಯುತ್ತಿದ್ದಳು, ನಿಧಾನವಾಗಿ ಓಡಲೂ ಓಡುತ್ತಿದ್ದಳು. ಆದರೆ ಜಿಗಿಯುವಂತಿರಲಿಲ್ಲ, ಲಾರಿಯ ತಳ ಮೂಸಲು ನುಸುಳುವಂತಿರಲಿಲ್ಲ. ಕಂಪನಿಯಿಂದ ಅದೇ ಮೂರು ಚೌಕದ ಫಾರ್ಮು ಮತ್ತೆ ಬಂತು. ಉಸ್ಮಾನ್ ಅದನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡರು. ಬಸವರಾಜ ಇದ್ದ ಕ್ಯಾಂಪಿನಲ್ಲಿ ಪ್ರಾಣಿ ಸಾಕುವಂತಿಲ್ಲ. ನಮ್ಮ ಕಂಪನಿ ಮನೆಯಲ್ಲೂ ಇಲ್ಲ. ಮೂರನೆಯ ದಿನ ಅವರು ಚೌಕಗಳ ಕೆಳಗೆ ಕೈಯಿಂದ ಒಂದು ಗೆರೆ ಎಳೆದು, ನಿವೃತ್ತಿ, ಮನೆ ಸಿಕ್ಕಿದೆ ಎಂದು ಬರೆದರು. ಯಾವ ಮನೆ ಎಂದು ಕೇಳಿದೆ. ಅಲ್ ಶಮಾಲ್ ಹತ್ತಿರ ಆಡು, ಸಲೂಕಿ ಬೇಟೆನಾಯಿ ಸಾಕಿಕೊಂಡಿದ್ದ ಅಬು ಖಾಲಿದ್ ಎಂಬ ಮುದುಕರ ತೋಟ. ಆ ಮುದುಕರಿಗೇ ವಿಷಯ ಇನ್ನೂ ಗೊತ್ತಿರಲಿಲ್ಲ. ಉಸ್ಮಾನ್ ಬರೆದ ಮೇಲೆ ಫೋನ್ ಮಾಡಿದರು.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ನಾನು, ಲಾರೆನ್ಸ್, ಬಸವರಾಜ ನಮ್ಮ ಕಾರಿನಲ್ಲಿ ಹೋದೆವು. ಕೀರಾ ಹಿಂದಿನ ಸೀಟಿನಲ್ಲಿ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಹೊರಗೆ ಹಿತವಾದ ಗಾಳಿ ಇತ್ತು. ಕಿಟಕಿ ಇಳಿಸಿಕೊಂಡೇ ಹೋದೆವು.

ಅಬು ಖಾಲಿದ್ ಗೇಟಿನ ಹೊರಗೇ ನಿಂತಿದ್ದರು. ಬಸವರಾಜ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ತಿನ್ನಿಸುವುದು ಹೇಗೆ, ಮೆಟ್ಟಿಲು ಹತ್ತಲು ಬಿಡಬಾರದು, ಇದನ್ನೆಲ್ಲ ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ಹೇಳಿದ. ಮುದುಕರು "ಮಾಫಿ ಮುಶ್ಕಿಲ್", ತೊಂದರೆಯಿಲ್ಲ, ಎನ್ನುತ್ತಾ ಅವಳ ತಲೆ ಸವರಿ, ಕೂರು ಎಂದು ಅರಬ್ಬಿಯಲ್ಲಿ ಹೇಳಿದರು. ಅವಳು ಬಸವರಾಜನ ಮುಖ ನೋಡಿದಳು.

"ಅರಬ್ಬಿ ತಿಳಿಯಂಗಿಲ್ರಿ ಇಕಿಗಿ. ಇಂಗ್ಲಿಷಾಗ ಡ್ಯೂಟಿ ಅಷ್ಟ, ಉಳದದ್ದೆಲ್ಲಾ ಕನ್ನಡ" ಎಂದು ನನಗೆ ಹೇಳಿ, ಮುದುಕರ ಕಡೆ ತಿರುಗಿದ. "ಬಾಬಾ, ಬೋಲೋ. ಕುಂದ್ರು."

"ಕುಂದುರ್" ಎಂದರು ಅವರು.

"ಕುಂದ್ರು."

"ಕುಂದ್ರು."

ಮೂರನೆಯ ಸಲ ಹೇಳಿದಾಗ ಕೀರಾ ಮುದುಕರ ಕಡೆ ನೋಡಿದಳು. ಹಿಂಭಾಗವನ್ನು ಹುಷಾರಾಗಿ ಇಳಿಸುತ್ತಾ, ನೋವಿಲ್ಲ ಎಂದು ಖಚಿತಮಾಡಿಕೊಳ್ಳುವವಳಂತೆ ನಡುವೆ ಒಮ್ಮೆ ನಿಂತು, ಅವರ ಕಾಲ ಬಳಿ ಕೂತಳು.

ಬಸವರಾಜ ಬೆಲ್ಟನ್ನು ಅವರ ಕೈಗೆ ಕೊಟ್ಟು, ನಮಗಿಂತ ಮೊದಲೇ ಹೋಗಿ ಕಾರಿನಲ್ಲಿ ಕೂತ.